ಗುಡ್ಡ ಕುಸಿದ ಬಳಿಕ ಮನೆಯಲ್ಲಿ ಉಳಿಯುವ ಭಯ

ಮಳೆಯಿಲ್ಲದೆ ನಮ್ಮ ಸೀಮೆಗೆ ಬಾಳಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟಗಳೂ ಗದ್ದೆಗಳೂ ಆಷಾಢದ ಮೋಡಗಳನ್ನೇ ನಂಬಿಕೊಂಡಿರುವವು. ಆದರೆ ಕೆಲವು ಮನೆಗಳಲ್ಲಿ ಅದೇ ಮಳೆಯ ಸಪ್ಪಳವು ನಿದ್ರೆಯನ್ನು ಕೆಡಿಸುತ್ತಲಿರುವದು. 2021ನೆಯ ಇಸವಿ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ದಾರಿಗಳು ಹಾಳಾದವು. ಯಲ್ಲಾಪುರದ ಕಡೆ ಬೇಡ್ತಿಯೆನಿಸಿದ ಹೊಳೆಯೇ ಘಟ್ಟದ ಕೆಳಗೆ ಗಂಗಾವಳಿಯೆನಿಸುವದಷ್ಟೆ. ಅದರ ದಡದ ಶಿರೂರಿನಲ್ಲಿ 2024ನೆಯ ಜುಲೈ 16ರಂದು ಗುಡ್ಡವು ಹೆದ್ದಾರಿಯ ಮೇಲೆ ಜಾರಿ ಹೊಳೆಗೆ ಬಿದ್ದು ಹಲವರ ಪ್ರಾಣ ತೆಗೆಯಿತು; ಆಚೆ ದಡದ ಉಳುವರೆಯ ಮನೆಗಳೂ ನೀರಿನ ಹೊಡೆತಕ್ಕೆ ಸಿಕ್ಕಿದವು.

ಆಪತ್ತಿನ ವೇಳೆ ಎದೆ ಬಡಿದುಕೊಳ್ಳುವದೂ ಕಿವಿ ಚುರುಕಾಗುವದೂ ಶರೀರವು ತನ್ನನ್ನು ತಾನು ಕಾಯ್ದುಕೊಳ್ಳುವ ರೀತಿ. ಆಪತ್ತು ಕಳೆದರೂ ಆ ಎಚ್ಚರವು ಇಳಿಯದಿದ್ದರೆ ಅದೇ ಬಾಧೆಯಾಗುವದು. ಇದು ಹೇಡಿತನವಲ್ಲ, ದೆವ್ವದ ಕಾಟವೂ ಅಲ್ಲ. ಒಂದೇ ಮನೆಯಲ್ಲಿ ಇದು ನಾನಾ ರೂಪ ತಾಳುವದು. ಮಗುವು ಹಾಸಿಗೆ ಒದ್ದೆಮಾಡುವದು, ತಾಯಿಯ ಸೆರಗು ಬಿಡದು. ಪ್ರಾಯದ ಮಗನು ಮಾತು ಬಿಡುವನು. ತಂದೆಯು ಸಿಡುಕುವನು, ಇಲ್ಲವೆ ಕುಡಿತಕ್ಕೆ ಇಳಿಯುವನು. ಅಜ್ಜಿಯು ಗಂಟು ಕಟ್ಟಿಟ್ಟುಕೊಂಡು ಬಾಗಿಲ ಬಳಿಯೇ ಮಲಗುವಳು. ಎಲ್ಲರನ್ನೂ ಸಂತೈಸುವ ತಾಯಿಯು ತನ್ನ ಅಳಲನ್ನು ಯಾರಿಗೂ ಹೇಳಳು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ನಿಜವಾದ ಸುರಕ್ಷತೆ. ಬಿರುಕುಬಿಟ್ಟ ಗುಡ್ಡದ ಬುಡದಲ್ಲಿರುವವನ ಭಯವು ರೋಗವಲ್ಲ, ವಿವೇಕ; ಅವನಿಗೆ ಬೇಕಾದದ್ದು ಔಷಧವಲ್ಲ, ಭದ್ರವಾದ ನೆಲೆ. ಎರಡನೆಯದು, ಬಲವಂತವಿಲ್ಲದ ಆಲಿಕೆ. ನಡೆದುದನ್ನೆಲ್ಲ ಒಮ್ಮೆಲೇ ಹೇಳಿಸಿಬಿಟ್ಟರೆ ಮನಸ್ಸು ಹಗುರವಾಗುವದೆಂದು ಹಿಂದೆ ಅನೇಕರು ನಂಬಿದ್ದರು. ಜಾಗತಿಕ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರಡಿಸಿದ ಕೈಪಿಡಿಯು ಹಾಗೆ ಒತ್ತಾಯಿಸಕೂಡದೆನ್ನುವದು. ಹೇಳಿದರೆ ಕೇಳಬೇಕು, ಸುಮ್ಮನಿದ್ದರೆ ಬಳಿಯಲ್ಲಿ ಕುಳಿತಿರಬೇಕು. ಮೂರನೆಯದು, ದಿನಚರಿ. ಊಟ, ಶಾಲೆ, ಆಟ, ನಿದ್ರೆಗಳು ಹೊತ್ತುಹೊತ್ತಿಗೆ ನಡೆದರೆ ಮಕ್ಕಳಿಗೆ ಲೋಕವು ಮತ್ತೆ ಸ್ಥಿರವೆನಿಸುವದು. "ಇನ್ನೆಂದೂ ಹೀಗಾಗದು" ಎಂಬ ಸುಳ್ಳು ಭರವಸೆ ಬೇಡ. "ಆಪತ್ತು ಬಂದರೆ ನಾವೆಲ್ಲರೂ ಕೂಡಿ ಇಂಥಲ್ಲಿಗೆ ಹೋಗುವೆವು" ಎಂಬ ಸತ್ಯವೇ ಸಾಕು. ಸುರಕ್ಷಿತವೆಂದು ತಿಳಿದ ದಾರಿಯನ್ನೂ ತೋಟವನ್ನೂ ಭಯದಿಂದ ಬಿಟ್ಟಷ್ಟೂ ಭಯವು ಬೆಳೆಯುವದು; ಆದುದರಿಂದ ಜೊತೆಗೊಬ್ಬರನ್ನು ಕರೆದುಕೊಂಡು ಸ್ವಲ್ಪಸ್ವಲ್ಪವಾಗಿ ಅಲ್ಲಿಗೆ ಮರಳುವದು ಒಳ್ಳೆಯದು.

ಬಹು ಜನರಿಗೆ ಕೆಲವು ವಾರಗಳಲ್ಲಿ ಇಷ್ಟರಿಂದಲೇ ನೆಮ್ಮದಿಯಾಗುವದು. ಆದರೆ ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವಿಕೆ, ಜಡತ್ವ, ಕುಡಿತಗಳು ಬಿಡದಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಆ ನೆನಪನ್ನು ನುರಿತವರ ಸಂಗಡ ಕ್ರಮವಾಗಿ ಎದುರಿಸುವ ಮಾತಿನ ಚಿಕಿತ್ಸೆಯುಂಟು. ಅವಶ್ಯವಿದ್ದರೆ ಔಷಧವೂ ಉಂಟು. ನಿದ್ರೆಯ ಗುಳಿಗೆಯನ್ನು ತಾವಾಗಿಯೇ ಕೊಂಡು ನುಂಗಬಾರದು. ಬದುಕೇ ಬೇಡವೆಂದು ಯಾರಾದರೂ ನುಡಿದರೆ ಒಂದು ದಿವಸವೂ ತಡಮಾಡಲಾಗದು. ಅಕ್ಟೋಬರ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಈ ಸೇವೆಯು ತಜ್ಞರಿಂದ ಮಾತ್ರ ಸಾಗುವಂಥದಲ್ಲ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ ಭೂಕಂಪ, 2004ರ ಸುನಾಮಿಗಳ ತರುವಾಯ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಊರಿನ ಸಾಮಾನ್ಯ ಕಾರ್ಯಕರ್ತರಿಗೇ ಸಾಂತ್ವನದ ಕೆಲಸವನ್ನು ಕಲಿಸಿಕೊಟ್ಟರು.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ತಾಯಂದಿರೂ ಶಿಕ್ಷಕಿಯರೂ ದಾದಿಯರೂ ಇರುವಿರಿ. ಇಂಥ ಮನೆಗೆ ಹೋದಾಗ ಬಿದ್ದ ಗೋಡೆಯನ್ನು ನೋಡಿ, ಮಕ್ಕಳ ಕ್ಷೇಮವನ್ನು ವಿಚಾರಿಸಿ ಹಿಂದಿರುಗಬೇಡಿರಿ. ಒಲೆಯ ಮುಂದೆ ನಿಂತಿರುವ ಆ ಗೃಹಿಣಿಯನ್ನು ಒಂದು ಮಾತು ಕೇಳಿರಿ: "ಅಕ್ಕಾ, ರಾತ್ರಿ ಮಳೆ ಬಂದಾಗ ನಿಮಗೆ ನಿದ್ದೆ ಬರುವದೇ?" ಕೇಳಿದ ಮೇಲೆ, ಉತ್ತರ ಬರುವ ತನಕ ಕುಳಿತಿರಿ.