ನೀರಿಗಿಂತ ಮುಂಚೆ ಬರಬೇಕಾದ ಸುದ್ದಿ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮಿನ ಗೇಟು ಎತ್ತಿದರೆ ಘಟಪ್ರಭೆ ಧೂಪದಾಳ ದಾಟಿ, ಗೋಕಾಕದ ಲೋಳಸೂರ ಸೇತುವೆ ಮುಟ್ಟಿ, ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಊರುಗಳತ್ತ ಹೊರಡುತ್ತಾಳೆ. ಸುದ್ದಿ ಅವಳಿಗಿಂತ ಮುಂಚೆ ಹೋಗಬೇಕು.

ಹಿಂದೆ ಡಂಗುರವಿತ್ತು. ಹಲಗೆ ಬಡಿಯುವವನಿಗೆ ಯಾರ ಹೆಸರಿನ ಯಾದಿಯೂ ಬೇಕಿರಲಿಲ್ಲ. ಓಣಿಯಲ್ಲಿದ್ದವರಿಗೆಲ್ಲ ಕೇಳಿಸಿತು, ಮುಗಿಯಿತು. ಜೀಪಿಗೆ ಕಟ್ಟಿದ ಮೈಕಿಗೂ ಅಷ್ಟೇ. ಯಾದಿಯ ಉಸಾಬರಿ ಶುರುವಾದದ್ದು ಫೋನು ಬಂದ ಮೇಲೆ.

ಈಗ ಆ ಯಾದಿ ಕಂಪ್ಯೂಟರಿನೊಳಗಿದೆ. ಎರಡು ಯಂತ್ರಗಳು ಮಾತಾಡುವ ‘ಸಾಕೆಟ್’ 1983ರಲ್ಲಿ ಬರ್ಕ್ಲಿಯ ಯುನಿಕ್ಸ್‌ನೊಂದಿಗೆ ಬಳಕೆಗೆ ಬಂತು. ಆದರೆ ಮುಂದೆ ಬಂದ ವೆಬ್‌ನಲ್ಲಿ ಬಹಳ ವರ್ಷ ಬ್ರೌಸರ್ ಕೇಳಿದರಷ್ಟೇ ಸರ್ವರ್ ಬಾಯಿ ಬಿಡುತ್ತಿತ್ತು. ನಿಮಿಷಕ್ಕೊಮ್ಮೆ ಡ್ಯಾಮಿಗೆ ಫೋನು ಹಚ್ಚಿ ‘ಹೊಳಿ ಬಂತೇನ್ರಿ?’ ಅಂತ ಕೇಳಿದ ಹಾಗೆ. 2011ರ ಡಿಸೆಂಬರಿನಲ್ಲಿ ವೆಬ್‌ಸಾಕೆಟ್ ನಿಯಮಾವಳಿ ಪ್ರಕಟವಾಯಿತು. ಒಮ್ಮೆ ಜೋಡಿಸಿದ ಸಂಪರ್ಕವನ್ನು ತೆರೆದೇ ಇಟ್ಟರೆ ಸರ್ವರ್ ತಾನಾಗಿಯೇ ಸುದ್ದಿ ತಳ್ಳಬಹುದು.

ತಳ್ಳುವುದು ಸುಲಭ, ಯಾದಿ ಕಾಯುವುದೇ ಕಷ್ಟ. ಬಂದ ಪ್ರತಿ ಸಂಪರ್ಕವನ್ನೂ ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಸುದ್ದಿ ಬಂದಾಗ ಒಂದೊಂದಕ್ಕೂ ಬೇರೆಬೇರೆಯಾಗಿ ಕಳಿಸುತ್ತದೆ. ನೆಟ್‌ವರ್ಕ್ ನಿಧಾನವಿರುವ ಒಬ್ಬನಿಗಾಗಿ ಕಾಯುತ್ತ ನಿಂತರೆ ಅವನ ಹಿಂದಿನವರೆಲ್ಲರಿಗೂ ತಡ. ಹೇಳದೆ ಹೋದವರದು ಇನ್ನೊಂದು ಪೇಚು: ಫೋನು ಆರಿದ್ದು ಸರ್ವರಿಗೆ ಕೂಡಲೇ ತಿಳಿಯುವುದಿಲ್ಲ. ಅದಕ್ಕೇ ಆಗಾಗ ‘ಪಿಂಗ್’ ಕಳಿಸಿ, ‘ಪಾಂಗ್’ ಬರದವರ ಹೆಸರು ಹೊಡೆದುಹಾಕುತ್ತಾರೆ. ನೆರೆಯ ರಾತ್ರಿ ಕರೆಂಟ್ ಹೋಗಿ ಚಾರ್ಜ್ ಮುಗಿದಾಗ ಹೀಗೆ ಮೊದಲು ಅಳಿಸಿಹೋಗುವುದು, ಸುದ್ದಿ ಯಾರಿಗೆ ತುರ್ತೋ ಅವರದೇ ಹೆಸರು!

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಒಮ್ಮೆಲೇ ಕಿರುಚಿಕೊಂಡದ್ದು ನೆನಪಿರಬೇಕು. ದೂರಸಂಪರ್ಕ ಇಲಾಖೆ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ ಮಾಡಿತ್ತು. ಟವರ್ ತನ್ನ ವ್ಯಾಪ್ತಿಯ ಫೋನುಗಳಿಗೆಲ್ಲ ಒಂದೇ ಸಲ ಸಾರುತ್ತದೆ. ನಂಬರೂ ಬೇಡ, ಯಾದಿಯೂ ಬೇಡ. ನನ್ನ ಕಣ್ಣಿಗೆ ಇದು ಸಾಕೆಟ್ಟಿನ ಮೊಮ್ಮಗನಲ್ಲ, ಡಂಗುರದ ವಂಶದ್ದು. ಟವರಿಗೆ ಕರೆಂಟ್, ಫೋನಿಗೆ ಚಾರ್ಜ್ ಇರಬೇಕು, ಅಷ್ಟೇ.

ಆದರೆ ಸಾರುವುದೇನನ್ನು? ಹಿಡಕಲ್‌ನಿಂದ ಬಿಟ್ಟ ಕ್ಯೂಸೆಕ್ ಲೆಕ್ಕವೊಂದನ್ನೇ ಹೇಳಿದರೆ ಗೋಕಾಕಕ್ಕೆ ಸಾಲದು. ಹಿರಣ್ಯಕೇಶಿ ಡ್ಯಾಮಿನ ಕೆಳಗೆ ಬಂದು ಸೇರುತ್ತಾಳೆ, ಮಾರ್ಕಂಡೇಯ ಗೋಕಾಕದ ಹತ್ತಿರ. 2019ರ ಆಗಸ್ಟ್‌ನಲ್ಲಿ ಈ ಮೂರೂ ಹೊಳೆಗಳು ಒಟ್ಟಿಗೆ ಉಕ್ಕಿದವು, ಲೋಳಸೂರ ಸೇತುವೆ ಮುಳುಗಿತು, ನೀರು ಗೋಕಾಕ ಪೇಟೆಯೊಳಕ್ಕೆ ನುಗ್ಗಿತು.