ನೋಯದ ಗಂಟು

ಹಲ್ಲುನೋವು ಬಂದರೆ ರಾತ್ರಿಯೆಲ್ಲ ಎದ್ದು ಕೂತು, ಬೆಳಗಾದೊಡನೆ ಡಾಕ್ಟರ ಬಳಿ ಓಡುತ್ತೇವೆ. ಸ್ತನ ಕ್ಯಾನ್ಸರ್ ಬಹುತೇಕ ಮೊದಮೊದಲು ನೋಯುವುದೇ ಇಲ್ಲ. ಹಾಲಿನ ನಾಳದ ಒಳಪದರದಲ್ಲಿ ಹುಟ್ಟಿ ಸದ್ದಿಲ್ಲದೆ ಬೆಳೆಯುತ್ತದೆ. "ನೋವೇನೂ ಇರಲಿಲ್ಲ, ಅದಕ್ಕೇ ಸುಮ್ಮನಿದ್ದೆ" ಎಂದು ತಡವಾಗಿ ಬರುವವರು ಹೇಳುವುದು ಅದಕ್ಕೇ.

ಸ್ನಾನದ ಹೊತ್ತಿನಲ್ಲಿ ಸೋಪಿನ ಕೈಗೆ ಗಟ್ಟಿಯಾದ, ಅಂಚು ಒರಟಾದ, ಒತ್ತಿದರೂ ಜರುಗದ ಗಂಟು ಸಿಕ್ಕಬಹುದು. ಗೋಲಿಯಂತೆ ಆಚೀಚೆ ಜಾರುವ ಗಂಟು ಹರೆಯದವರಲ್ಲಿ ಸಾಮಾನ್ಯ, ಹೆಚ್ಚಾಗಿ ಅಪಾಯವಿಲ್ಲದ್ದು. ಆದರೂ ಯಾವುದು ಎಂಥದ್ದೆಂದು ನಮ್ಮ ಬೆರಳೇ ತೀರ್ಪು ಕೊಡುವುದು ಬೇಡ. ಕನ್ನಡಿಯೆದುರು ಕೈಯೆತ್ತಿ ನಿಂತಾಗ ಚರ್ಮ ಒಂದೆಡೆ ಗುಳಿಬಿದ್ದರೆ, ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕೆಚುಕ್ಕೆಯಾಗಿ ದಪ್ಪಗಾದರೆ, ಸರಿಯಿದ್ದ ತೊಟ್ಟು ಒಳಕ್ಕೆ ಸೇದಿಕೊಂಡರೆ, ಬ್ರಾ ಮೇಲೆ ರಕ್ತದ ಕಲೆ ಕಂಡರೆ, ಕಂಕುಳಲ್ಲಿ ಗಡ್ಡೆ ಸಿಕ್ಕರೆ ತೋರಿಸಬೇಕು. ಬಾಣಂತಿಯರಲ್ಲಿ "ಹಾಲು ಕಟ್ಟಿದೆ" ಎಂದು ಕಾಯುವುದುಂಟು. ಒಂದೆರಡು ವಾರದಲ್ಲಿ ಕರಗದಿದ್ದರೆ ಅದನ್ನೂ ತೋರಿಸಿ.

"ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ" ಎಂಬ ಧೈರ್ಯ ಹೆಚ್ಚು ದೂರ ಬರದು. ವಂಶವಾಹಿಯ ದೋಷದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. 12ರೊಳಗೆ ಮೈನೆರೆಯುವುದು, 55 ದಾಟಿ ಮುಟ್ಟು ನಿಲ್ಲುವುದು, ಮೊದಲ ಹೆರಿಗೆ 30ರ ನಂತರ ಆಗುವುದು ಎಲ್ಲವೂ ಮೈಯೊಳಗಿನ ಈಸ್ಟ್ರೊಜೆನ್ ಲೆಕ್ಕಕ್ಕೆ ಸೇರುತ್ತವೆ. (ತಡವಾಗಿ ತಾಯಿಯಾದವಳನ್ನು ದೂರಲು ಇದನ್ನು ಬಳಸುವವರಿದ್ದಾರೆ, ಅವರ ಮಾತಿಗೆ ಕಿವಿಗೊಡಬೇಡಿ.) ವಯಸ್ಸು, ಮುಟ್ಟು ನಿಂತ ಮೇಲೆ ಏರುವ ತೂಕ, ಮದ್ಯವೂ ಅಪಾಯ ಹೆಚ್ಚಿಸುತ್ತವೆ.

ಆಸ್ಪತ್ರೆಯಲ್ಲಿ ಮೊದಲು ಕೈಯಿಂದ ಪರೀಕ್ಷೆ, ಆಮೇಲೆ ಮ್ಯಾಮೋಗ್ರಾಮ್ ಇಲ್ಲವೇ ಸ್ಕ್ಯಾನಿಂಗ್, ಅನುಮಾನವಿದ್ದರೆ ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ. ಸೂಜಿ ಚುಚ್ಚಿದರೆ ಹರಡುತ್ತದೆಂಬ ಹೆದರಿಕೆಗೆ ಆಧಾರವಿಲ್ಲ.

ಕೈಯ ಪರೀಕ್ಷೆಯನ್ನು ಹಗುರವಾಗಿ ಕಾಣಬೇಡಿ. ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ 2 ವರ್ಷಕ್ಕೊಮ್ಮೆ ಇದನ್ನೇ ಮಾಡಿಸಿದರು. 20 ವರ್ಷದ ಲೆಕ್ಕ ನೋಡಿದಾಗ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಶೇ. 30 ತಗ್ಗಿತ್ತು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ ಈ ಪರೀಕ್ಷೆ ಇದೆ, ಬಾಯಿಬಿಟ್ಟು ಕೇಳಿ. ಮುಟ್ಟು ಮುಗಿದು ಮೂರ್ನಾಲ್ಕು ದಿನವಾದ ಮೇಲೆ ಹೋದರೆ ಸ್ತನ ಮೆದುವಾಗಿರುತ್ತದೆ, ಮುಟ್ಟಿ ನೋಡುವುದೂ ಸುಲಭ.