ಗಾರೆಯ ಬಲ ಮತ್ತು ನೀರುಣಿಕೆ

ಕನ್ನಡ ನಾಡಿನ ಕಟ್ಟಡ ಕಸುಬಿನಲ್ಲಿ 'ಗಾರೆ' ಹಳೆಯ ಮಾತು. ಸುಣ್ಣ, ಮರಳುಗಳ ಮಿಶ್ರಣಕ್ಕೆ ಸಲ್ಲುತ್ತಿದ್ದ ಈ ಹೆಸರು ಸಿಮೆಂಟು ಬಂದ ಮೇಲೂ ಅಳಿಯಲಿಲ್ಲ. ಸಿಮೆಂಟಿನಲ್ಲಿ ದುಡಿಯುವವರೂ ಗಾರೆ ಕೆಲಸದವರೇ. ಹೊಸ ಗೋಡೆಗೆ ದಿನವೂ ನೀರು ಹಾಕುವುದು, ತಾರಸಿಯ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಒದ್ದೆ ಗೋಣಿತಾಟು ಸುತ್ತುವುದು ಈ ಕಸುಬಿನ ರೂಢಿಗಳು. ಇವುಗಳ ಹಿಂದಿನ ಕಾರಣವನ್ನು ವಿವೇಚಿಸುವುದು ಕಸುಬಿನ ಅರಿವಿನ ಅಧ್ಯಯನಕ್ಕೆ ಅಗತ್ಯ.

ಗಾರೆಯು ಒಣಗಿ ಗಟ್ಟಿಯಾಗುತ್ತದೆ ಎಂಬ ಗ್ರಹಿಕೆ ಸಿಮೆಂಟಿಗೆ ಹೊಂದದು. ಸಿಮೆಂಟಿನ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಅತಿಸೂಕ್ಷ್ಮ ಬಂಧಕವೊಂದನ್ನು ನಿರ್ಮಿಸುತ್ತವೆ. ಇದು ಕಣಗಳ ನಡುವಣ ತೆರಪುಗಳನ್ನು ತುಂಬುತ್ತ ಮರಳನ್ನು ಹಿಡಿದಿಡುತ್ತದೆ. ಒಳಗಿನ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 80ಕ್ಕಿಂತ ಇಳಿದರೆ ಈ ಕ್ರಿಯೆ ಬಹುಮಟ್ಟಿಗೆ ನಿಲ್ಲುತ್ತದೆ. ಆಗ ತೆರಪುಗಳು ಒಂದಕ್ಕೊಂದು ಕೂಡಿಕೊಂಡೇ ಉಳಿದು ಬಲ ಕುಗ್ಗುತ್ತದೆ. ಹೊರಗಿನ ನೀರಿಗೆ ದಾರಿಯಾಗುತ್ತದೆ. ಮೊದಲು ಒಣಗುವುದು ಹೊರಮೈಯಾದ್ದರಿಂದ ಹಾನಿಯೂ ಅಲ್ಲಿಯೇ ಹೆಚ್ಚು. ಬಿಸಿಲಿನ ಕಾವಿನಲ್ಲಿ ಗಾರೆ ಬೇಗ ಬಲಗೊಂಡರೂ ಬಂಧಕವು ಕಣಗಳ ಸುತ್ತಲೇ ದಟ್ಟವಾಗಿ ನೆಲೆಸುವುದರಿಂದ ಅಂತಿಮ ಬಲ ಕಡಿಮೆಯಾಗುತ್ತದೆ.

ಕಾಲದ ಪಾತ್ರವೂ ಮುಖ್ಯ. ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿನ ಗಾರೆಯ ಘನಗಳನ್ನು 27 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು ಪರೀಕ್ಷಿಸಿದಾಗ, 43 ದರ್ಜೆಯ ಸಿಮೆಂಟು 3, 7 ಹಾಗೂ 28 ದಿನಗಳಲ್ಲಿ ಕ್ರಮವಾಗಿ ಕನಿಷ್ಠ 23, 33 ಹಾಗೂ 43 ಮೆಗಾಪಾಸ್ಕಲ್ ಬಲ ತೋರಬೇಕೆಂಬುದು ಭಾರತೀಯ ಮಾನಕದ ನಿಯಮ.

ಈ ಹಿನ್ನೆಲೆಯಲ್ಲಿ ಹಳೆಯ ಗಾರೆಗಳನ್ನು ಹೋಲಿಸಿ ನೋಡಬಹುದು. ಬರಿಯ ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬಲಿಯುತ್ತದೆ. ಅದಕ್ಕೆ ತೇವ ಬೇಕು, ಆದರೆ ಸದಾ ನೆನೆದಿದ್ದರೆ ಗಾಳಿಯ ದಾರಿ ಮುಚ್ಚುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಗೆ ಬಳಸಿದ ಸುರ್ಕಿ ಗಾರೆಯ ಗುಣ ಬೇರೆ. ಅದರಲ್ಲಿನ ಸುಟ್ಟ ಇಟ್ಟಿಗೆಯ ಪುಡಿ ತೇವದಲ್ಲಿ ಸುಣ್ಣದೊಡನೆ ನಿಧಾನವಾಗಿ ವರ್ತಿಸಿ, ಸಿಮೆಂಟಿನದನ್ನು ಹೋಲುವ ಬಂಧಕವನ್ನು ನೀಡುತ್ತದೆ. ಇಂದಿನ ಸಿಮೆಂಟಿನಲ್ಲಿ ಬೆರೆಯುವ ಹಾರುಬೂದಿಯದೂ ಇದೇ ಬಗೆಯ ವರ್ತನೆ. ಆದ್ದರಿಂದಲೇ 2000ದ ಐಎಸ್ 456 ಸಂಹಿತೆಯು ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಕೆ ವಿಧಿಸಿ, ಎರಡನೆಯದನ್ನು 14 ದಿನಗಳಿಗೆ ವಿಸ್ತರಿಸುವಂತೆ ಶಿಫಾರಸು ಮಾಡಿತು.

ಅವಸರದಲ್ಲಿ ಈ ದಿನಗಳನ್ನು ಮೊಟಕುಗೊಳಿಸಿದರೆ ನಷ್ಟ ಕೂಡಲೇ ಕಾಣದು. ಗಿಲಾವು ಅದನ್ನು ಮರೆಮಾಡುತ್ತದೆ. ಗಾರೆಯ ವಸ್ತು ಬದಲಾದಂತೆ ಅದಕ್ಕೆ ತಕ್ಕ ನೀರುಣಿಕೆಯೂ ಬದಲಾಗಬೇಕು. ಸುರ್ಕಿ ಗಾರೆ ಬೇಡುತ್ತಿದ್ದ ತಾಳ್ಮೆಯನ್ನು ಇಂದಿನ ಮಿಶ್ರ ಸಿಮೆಂಟೂ ಬೇಡುತ್ತದೆ ಎಂಬುದು ಇಲ್ಲಿ ಮನಗಾಣಬೇಕಾದ ಅಂಶ.